ಗುನ್ವೋರಳ ಬೆನ್ನ ಹಿಂದಿನ ಸದ್ದು

ಪ್ರಿಯ ಸಹೋದರ ಸಹೋದರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿರಿಸಿ ಕಿವಿಗೊಡಿ. ನಮ್ಮ ಪ್ರಾರ್ಥನಾ ಮಂದಿರದ ಕಡೆಯ ಬೆಂಚಿನಲ್ಲಿ, ಬಾಗಿಲಿಗೆ ಪೂರ್ತಿ ಬೆನ್ನು ಕೊಡದೆ ಓರೆಯಾಗಿ ಕುಳಿತುಕೊಳ್ಳುತ್ತಿದ್ದ ಗುನ್ವೋರ್ ನೇಶೈಮಳ ಕಥೆ ಇದು. ನಾರ್ವೆಯ ಕಡಲಂಚಿನ ನಮ್ಮ ಪೇಟೆಯಲ್ಲಿ ಆಕೆಗೊಂದು ಉಣ್ಣೆಯ ನೂಲಿನ ಅಂಗಡಿ. ಯಾರದೋ ಸ್ವೆಟರಿನ ತೋಳಿಗೆ ನೂಲು ಸಾಲದೆ ಹೋದೀತೆಂದು, ಮಾರಿದ ಪ್ರತಿ ಬಣ್ಣದಲ್ಲೂ ಒಂದು ಉಂಡೆಯನ್ನು ಕೇಳದೆಯೇ ತೆಗೆದಿರಿಸುತ್ತಿದ್ದ ಹೆಂಗಸು. ಅಂಥವಳನ್ನು ದೇವರು ಬಹುಕಾಲ ಒಂದು ಸದ್ದಿನ ಜೊತೆ ಬಾಳಿಸಿದ.

ಈಸ್ಟರಿನ ವಾರ ಬಂತೆಂದರೆ ನಮ್ಮ ಪೇಟೆ ಬರಿದಾಗುತ್ತದೆ. ಕಿತ್ತಳೆ ಹಣ್ಣು, ಚಾಕೊಲೇಟು, ಒಣಮೀನು, ಉಣ್ಣೆಯ ಒಳಂಗಿಗಳನ್ನು ತುಂಬಿಕೊಂಡು ಮನೆ ಮನೆಯವರೂ ಬೆಟ್ಟ ಹತ್ತುತ್ತಾರೆ. ಗುನ್ವೋರಳ ಮನೆಯವರು ಹೋಗುತ್ತಿದ್ದುದು ಸ್ಕಾರ್‌ಬು ಎಂಬಲ್ಲಿನ ಮರದ ಹೋಟೆಲಿಗೆ. ಮಗ ಐವಿಂದ್, ಡೆನ್ಮಾರ್ಕಿನಿಂದ ಬಂದ ಸೊಸೆ ಬಿರ್ಗಿಟೆ, ಮೊಮ್ಮಗಳು ಓಸ್ನೆ, ಮತ್ತು ಆಕೆ. ಸ್ಕೀ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಒಬ್ಬರ ಹಿಂದೊಬ್ಬರು ಸಾಗುವಾಗ ಗುನ್ವೋರ್ ಯಾವಾಗಲೂ ಕೊನೆಯವಳು. ಹಿಂತಿರುಗಿ ಬರುವಾಗ, ಹೋಟೆಲಿನ ಮೇಲಿನ ಕಡೆಯ ಇಳಿಜಾರಿನಲ್ಲಿ ಆಕೆ ಸ್ಕೀ ಜಾಡಿನ ನಡುವೆ ನಿಂತುಬಿಡುವಳು. ಬಂದ ದಾರಿಯತ್ತ ತಿರುಗಿ, ಬರಿಯ ಬಿಳುಪನ್ನು ನೋಡುತ್ತ ನಿಲ್ಲುವಳು. ಏಕೆಂದು ಕೇಳಿದರೆ, ಉಸಿರು ಸುಧಾರಿಸಿಕೊಂಡೆ ಎನ್ನುವಳು.

ಉಸಿರಿನ ಮಾತು ಸುಳ್ಳು. ಆಕೆ ಹುಡುಗಿಯಾಗಿದ್ದಾಗ ಅದೇ ಬೆಟ್ಟಕ್ಕೆ ತಂದೆ ತಾಯಿಯೊಡನೆ ಬಂದಿದ್ದಳು. ಮೊದಲು ತಂದೆ, ಬಳಿಕ ತಾಯಿ, ಆಮೇಲೆ ಇವಳು. ಕಡೆಯಲ್ಲಿ ತಮ್ಮ ಸ್ಟೈನಾರ್. ಮರಳುವ ದಾರಿಯ ಬಂಡೆಗಳ ಬಳಿ ಮಂಜು ಇಳಿಯಿತು. ಸ್ಟೈನಾರನ ಸ್ಕೀಯ ಚರ್ಮದ ಪಟ್ಟಿ ಸಡಿಲಗೊಂಡಿತು. "ನೀ ಹೋಗ್ತಿರು ಅಕ್ಕ, ಬಿಗಿದ್ಕೊಂಡು ಬಂದೆ," ಅಂದ. ಅವಳು ಮುಂದೆ ಸಾಗಿದಳು. ಅರೆಗಳಿಗೆಯಲ್ಲಿ ಹಿಂದಿನಿಂದ ಸ್ಕೀ ಉಜ್ಜುವ ಸದ್ದು, ಕೋಲು ಹಿಮಕ್ಕೆ ಚುಚ್ಚುವ ಸದ್ದು ಕೇಳಿಸಿತು. ತಮ್ಮ ಬರುತ್ತಿದ್ದಾನೆಂಬ ನೆಮ್ಮದಿ. ಹೋಟೆಲಿನ ಬಾಗಿಲವರೆಗೂ ಆ ಸದ್ದು ಅವಳನ್ನು ಬಿಡಲಿಲ್ಲ. ಬಾಗಿಲಲ್ಲಿ ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಮರುದಿನ ಸ್ಟೈನಾರನ ದೇಹ ಸಿಕ್ಕಿದ್ದು ಆ ಬಂಡೆಗಳ ಬಳಿಯಲ್ಲೇ. ಪಟ್ಟಿ ಇನ್ನೂ ಬಿಚ್ಚಿಯೇ ಇತ್ತು. ಅಲ್ಲಿಂದ ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಹಾಗಾದರೆ ತನ್ನ ಹಿಂದೆ ಬಂದದ್ದು ಏನು? ಇದನ್ನು ಗುನ್ವೋರ್ ತಂದೆಯನ್ನು ಕೇಳಲಿಲ್ಲ, ಗಂಡನನ್ನು ಕೇಳಲಿಲ್ಲ. ಪ್ರಾರ್ಥನೆಯಲ್ಲಿ ದೇವರನ್ನು ಮಾತ್ರ ಕೇಳಿದಳು. ತಮ್ಮನ ಹೆಸರು ಆಕೆಯ ಬಾಯಿಂದ ಮತ್ತೆ ಹೊರಡಲಿಲ್ಲ. ಪ್ರತಿ ವಸಂತದಲ್ಲಿ ಆ ಇಳಿಜಾರಿಗೆ ಬಂದಾಗ, ಬಿಸಿಲು ಎಷ್ಟೇ ನಿಚ್ಚಳವಾಗಿರಲಿ, ಬೆನ್ನ ಹಿಂದೆ ಆ ಉಜ್ಜುವ ಸದ್ದು ಏಳುತ್ತಿತ್ತು. ಅಂದು ತಿರುಗದ ತಪ್ಪಿಗೆ ಇಂದು ತಿರುಗಿ ನಿಲ್ಲುತ್ತಿದ್ದಳು, ಅದು ತಾನಾಗಿ ಅಡಗುವವರೆಗೆ.

ಒಂದು ವರ್ಷ ಓಸ್ನೆ ಅಜ್ಜಿಯ ಪಕ್ಕದಲ್ಲೇ ನಿಂತು ಆ ಮುಖವನ್ನು ಕಂಡಳು. ಅಂದಿನಿಂದ ಮಗು ನಿದ್ದೆಯಲ್ಲಿ ಬೆಚ್ಚತೊಡಗಿತು. ಅಜ್ಜಿಯ ಹಿಂದೆ ಯಾರೋ ಬರ್ತಾರೆ ಎಂದು ಅಳತೊಡಗಿತು. ಮುಂದಿನ ಈಸ್ಟರಿಗೆ ಬೆಟ್ಟ ಹತ್ತಿದಾಗ ಮಗ ಸೊಸೆಯರ ಮನಸ್ಸಿನಲ್ಲಿ ಒಂದು ತೀರ್ಮಾನವಿತ್ತು.

ಶುಭ ಶುಕ್ರವಾರದ ಬೆಳಿಗ್ಗೆ ಹೋಟೆಲಿನ ನೆಲಮಾಳಿಗೆಯಲ್ಲಿ ಗುನ್ವೋರ್ ಎಲ್ಲರ ಸ್ಕೀಗಳಿಗೂ ಹತ್ತುವಾಗ ಹಿಂದಕ್ಕೆ ಜಾರದಂತೆ ಅಂಟುಮೇಣ ಬಳಿಯುತ್ತಿದ್ದಳು. ವಸಂತದ ಹಿಮಕ್ಕೆ ಬೇರೆ ಮೇಣ ಹಿಡಿಯುವುದಿಲ್ಲ. ಬಿರ್ಗಿಟೆಯ ಕೈಗವಸು ಮೇಣಕ್ಕೆ ಕಚ್ಚಿಕೊಂಡು ಬಿಡಲೊಲ್ಲದೆ ನಗೆ ಹಬ್ಬಿತ್ತು.

"ನಿಮ್ಮ ಡೆನ್ಮಾರ್ಕಲ್ಲಿ ಬೆಟ್ಟ ಅಂತ ಕರೆಯೋದು ನನ್ನ ಹಿತ್ತಲ ಗೊಬ್ಬರದ ಗುಡ್ಡೆಗಿಂತ ಗಿಡ್ಡ," ಎಂದು ಅತ್ತೆ ಚುಚ್ಚಿದಳು. "ಮೇಣದ ಗುಟ್ಟು ನಿನಗೆಲ್ಲಿ ಗೊತ್ತಾಗ್ಬೇಕು!"

"ಗಿಡ್ಡ ಆದ್ರೂ ನಮ್ಮ ಬೆಟ್ಟ ಯಾರ ಕೈನೂ ಹಿಡ್ಕೊಳ್ಳಲ್ಲ, ಗುನ್ವೋರ್," ಅಂದಳು ಸೊಸೆ.

ಐವಿಂದ್ ನಗಲಿಲ್ಲ. ಹೆಂಡತಿಯನ್ನೂ ಮಗಳನ್ನೂ ಕಾಫಿಗೆ ಕಳುಹಿಸಿ, ತಾಯಿಯ ಎದುರು ಮಣೆಯ ಮೇಲೆ ಕುಳಿತ.

"ಅಮ್ಮ, ಈ ಸಲ ನೀನು ಅಲ್ಲಿ ನಿಲ್ಲಕೂಡ್ದು. ನಿಲ್ಲಲೇಬೇಕು ಅಂದ್ರೆ ಇಲ್ಲೇ ಗೋಡೆ ಹತ್ರ ಬಿಸಿಲು ಕಾಯ್ತಾ ಕೂತಿರು. ಅಲ್ಲಿ ನಿಂತ್ರೆ ಓಸ್ನೆನ ನಿನ್ನ ಜೊತೆ ಇನ್ಮೇಲೆ ಕಳಿಸಲ್ಲ."

ಗುನ್ವೋರ್ ಮೇಣದ ಕೈಯನ್ನು ಬಟ್ಟೆಗೆ ಒರೆಸಿದಳು, ಒರೆಸುತ್ತಲೇ ಇದ್ದಳು. ಆ ಮಗುವಿಗೆ ಸ್ಕೀಯ ಮೇಲೆ ನಿಲ್ಲುವುದನ್ನು ಕಲಿಸಿದವಳು ತಾನು. ಒಂದು ಕಡೆ ಮೊಮ್ಮಗಳು, ಇನ್ನೊಂದು ಕಡೆ ತಮ್ಮ.

"ನಿಲ್ಲಲ್ಲ," ಅಂದಳು.

ಆ ದಿನ ಸಾಲಿನ ಕೊನೆಗೆ ಐವಿಂದನೇ ನಿಂತ. ತಾಯಿಯನ್ನು ತನ್ನ ಮುಂದೆ ಹಾಕಿಕೊಂಡ. ಮಧ್ಯಾಹ್ನದವರೆಗೂ ಬೆಟ್ಟ ಬೆಳಕಿನಲ್ಲಿ ಮಿಂದಂತಿತ್ತು. ಬಂಡೆಯ ಮರೆಯಲ್ಲಿ ಕುಳಿತು ಕಿತ್ತಳೆ ಸುಲಿದು ತಿಂದರು. ಹಿಂತಿರುಗುವಾಗ ಗುನ್ವೋರಳ ತುಟಿಗಳು ಪ್ರಾರ್ಥನೆಯಲ್ಲಿ ಅಲುಗುತ್ತಿದ್ದವು.

ಇಳಿಜಾರು ಬಂತು; ಸದ್ದೂ ಬಂತು. ಅದು ಮಗನ ಸ್ಕೀಯ ಸದ್ದಲ್ಲವೆಂದು ಆಕೆ ಬಲ್ಲಳು. ಐವಿಂದನದು ಉದ್ದನೆಯ ಎಳೆತ, ಇದು ಪುಟ್ಟ ಕಾಲಿನ ಅವಸರದ ಎಳೆತ. ಕತ್ತು ತನ್ನಷ್ಟಕ್ಕೆ ತಿರುಗಹೊರಟಿತು. ಆಕೆ ಕಣ್ಣುಗಳನ್ನು ಮುಂದೆ ಸಾಗುತ್ತಿದ್ದ ಓಸ್ನೆಯ ಕೆಂಪು ಟೋಪಿಯ ಮೇಲೆ ನೆಟ್ಟಳು. ಕೊಟ್ಟ ಮಾತನ್ನು ಹಲ್ಲುಕಚ್ಚಿ ಉಳಿಸಿಕೊಂಡಳು. ಕಣ್ಣೀರು ಗಾಳಿಗೆ ಕೆನ್ನೆಯ ಮೇಲೆಯೇ ತಣ್ಣಗಾಯಿತು. ಕೆಳಗಿನ ಬರ್ಚ್ ಮರಗಳ ಬಳಿ ಬಂದು ಮೂವರೂ ನಿಂತಾಗ ಹಿಂದೆ ಐವಿಂದ್ ಇರಲಿಲ್ಲ.

ಆ ತಾಯಿಯ ಎದೆ ಆ ಗಳಿಗೆ ಏನಾಗಿರಬೇಕು, ಪ್ರಿಯರೇ! ಸೊಸೆ ಕೂಗುವುದರೊಳಗೆ ಆಕೆ ಸ್ಕೀಗಳನ್ನು ಅಡ್ಡಲಾಗಿ ಊರುತ್ತ ಇಳಿಜಾರನ್ನು ಹತ್ತತೊಡಗಿದ್ದಳು.

ಐವಿಂದ್ ಮೇಲೆಯೇ ಇದ್ದ. ಜಾಡಿನ ನಡುವೆ, ಇವಳಿಗೆ ಬೆನ್ನು ಮಾಡಿ, ಬಂದ ದಾರಿಯತ್ತ ನೋಡುತ್ತ ನಿಂತಿದ್ದ. ತಾಯಿ ಪಕ್ಕಕ್ಕೆ ಬಂದು ತೋಳು ಹಿಡಿದರೂ ತಿರುಗಲಿಲ್ಲ.

"ಅಮ್ಮ," ಅಂದ ಮೆಲ್ಲಗೆ, "ನೀನು ಎಷ್ಟು ಹೊತ್ತು ನಿಲ್ತಿದ್ದೆ?"

"ಆ ಸದ್ದು ನಿಲ್ಲೋವರೆಗೂ."

"ಇನ್ನೂ ನಿಂತಿಲ್ಲ."

ಗುನ್ವೋರ್ ಕಿವಿಗೊಟ್ಟಳು. ಆಕೆಗೆ ಏನೂ ಕೇಳಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಇಳಿಜಾರು ಅವಳ ಪಾಲಿಗೆ ಮೌನವಾಗಿತ್ತು.

ಬಿರ್ಗಿಟೆಯೂ ಓಸ್ನೆಯೂ ಏದುಸಿರು ಬಿಡುತ್ತ ಬಂದು ಸೇರಿದರು. ಮಗು ತಂದೆಯನ್ನು ನೋಡಿತು, ಅಜ್ಜಿಯನ್ನು ನೋಡಿತು. ಯಾರಿಗೆ ಕಾಯ್ತಿದೀರಿ ಎಂದು ಕೇಳಿತು. ಬಿರ್ಗಿಟೆ ಮಗಳನ್ನು ಎಳೆದುಕೊಳ್ಳಲು ಕೈ ಚಾಚಿದಳು, ಆದರೆ ಎಳೆದುಕೊಳ್ಳಲಿಲ್ಲ.

"ಸ್ಟೈನಾರ್‌ಗೆ," ಅಂದಳು ಗುನ್ವೋರ್. "ನನ್ನ ತಮ್ಮ. ನಿನ್ನಷ್ಟೇ ಇದ್ದ. ಹಿಂದೆ ಉಳ್ಕೊಂಡ."

ಓಸ್ನೆ ಅಳಲಿಲ್ಲ. ಹೆಸರಿಲ್ಲದ್ದಕ್ಕೆ ಬೆಚ್ಚುತ್ತಿದ್ದ ಮಗುವಿಗೆ ಹೆಸರು ಸಿಕ್ಕಿತ್ತು. ಹಿಂದಿನಿಂದ ಯಾರಾದರೂ ಬಂದರೆ ಜಾಡಿನಿಂದ ಪಕ್ಕಕ್ಕೆ ಸರಿದು ದಾರಿ ಬಿಡುವುದು ನಮ್ಮ ಮಕ್ಕಳು ಬೆಟ್ಟದಲ್ಲಿ ಕಲಿಯುವ ಮೊದಲ ಮರ್ಯಾದೆ.

"ಮತ್ತೆ ಎಲ್ಲರೂ ಜಾಡಿನ ಮೇಲೇ ನಿಂತಿದ್ದೀರಲ್ಲ ಅಜ್ಜಿ," ಅಂತು. "ಅವನು ಹೇಗೆ ಹೋಗ್ಬೇಕು?"

ಹೇಳಿ ತಾನೇ ಪಕ್ಕದ ಮೆತ್ತನೆಯ ಹಿಮಕ್ಕೆ ಸರಿಯಿತು. ಬಿರ್ಗಿಟೆ ಸರಿದಳು. ಐವಿಂದ್ ಸರಿದ. ಗುನ್ವೋರ್ ಒಂದು ಗಳಿಗೆ ಅಲ್ಲೇ ಉಳಿದಳು. ಅಷ್ಟು ವರ್ಷ ತಾನು ತಮ್ಮನಿಗಾಗಿ ಕಾದದ್ದೂ ನಿಜ, ಅವನ ದಾರಿ ತಡೆದದ್ದೂ ನಿಜ ಎಂಬುದು ಆಗ ಆಕೆಗೆ ಹೊಳೆಯಿತೆಂದು ಆಮೇಲೆ ನಮಗೆ ಹೇಳಿದಳು. ಒಂದು ಕಾಲೆತ್ತಿ, ಇನ್ನೊಂದು ಕಾಲೆತ್ತಿ, ಜಾಡನ್ನು ಬಿಟ್ಟುಕೊಟ್ಟಳು.

ಖಾಲಿ ಜಾಡಿನ ಎರಡು ಗೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಐವಿಂದನ ತಲೆ ಇಳಿಜಾರಿನ ಮೇಲ್ಗಡೆಯಿಂದ ಕೆಳಗಡೆಗೆ ನಿಧಾನವಾಗಿ ತಿರುಗಿತು, ಮುಂದೆ ಹಾದುಹೋಗುವ ಯಾರನ್ನೋ ಕಳುಹಿಸಿಕೊಡುವವನಂತೆ. ಬಿರ್ಗಿಟೆ ಗಂಡನ ಮುಖ ನೋಡಿ ತನ್ನ ಟೋಪಿಯನ್ನು ತೆಗೆದಳು.

"ಹೋದ," ಅಂದ ಐವಿಂದ್.

ಅವನಿಗೆ ನಿಜಕ್ಕೂ ಕೇಳಿಸಿತೋ, ತಾಯಿಯ ಮೇಲಿನ ಕರುಣೆಯಿಂದ ಹಾಗೆ ನಿಂತನೋ, ಗುನ್ವೋರ್ ಎಂದೂ ಕೇಳಲಿಲ್ಲ. ಮುಂದಿನ ಈಸ್ಟರಿಗೂ ಓಸ್ನೆ ಅಜ್ಜಿಯ ಜೊತೆಗೇ ಬೆಟ್ಟ ಹತ್ತಿದಳು. ಆ ಇಳಿಜಾರಿನಲ್ಲಿ ಗುನ್ವೋರಳಿಗೆ ಮತ್ತೆ ಏನೂ ಕೇಳಿಸಲಿಲ್ಲ, ಅದಕ್ಕಾಗಿ ಆಕೆ ಅತ್ತದ್ದೂ ಉಂಟು. ಸಾಲಿನ ಕೊನೆಯ ಜಾಗವನ್ನು ಮಾತ್ರ ಐವಿಂದ್ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಅವನೂ ಅಲ್ಲಿ ಸ್ವಲ್ಪ ತಡವಾಗಿಯೇ ಇಳಿಯುತ್ತಾನೆ.

ಕಳೆದುಹೋದವರ ಲೆಕ್ಕ ಕರ್ತನ ಬಳಿ ಭದ್ರವಾಗಿದೆ, ಪ್ರಿಯರೇ. ನಮಗೆ ಉಳಿದಿರುವುದು ಸಣ್ಣ ಕೆಲಸ. ನಿಮ್ಮ ಮನೆಯಲ್ಲಿಯೂ ಯಾರಾದರೂ ಬಾರದವರಿಗಾಗಿ ದಾರಿಯಲ್ಲಿ ನಿಂತಿದ್ದರೆ ಅವರನ್ನು ಗದರಿಸಿ ಎಳೆಯಬೇಡಿ. ಮರಳಿ ಹತ್ತಿ ಹೋಗಿ, ಪಕ್ಕದಲ್ಲಿ ನಿಲ್ಲಿ, ಹೆಸರನ್ನು ಕೇಳಿ. ಆಮೇಲೆ ಅವರ ಕೈ ಹಿಡಿದು ನೀವೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಡಿ.