ದಾವಲಸಾಬರ ಪರದೆಯ ಬಲಭಾಗ

ಹೋದ ವಾರ ನಾನು ದಾವಲಸಾಬರ ಕಂಪ್ಯೂಟರ್ ಕೆಡಿಸಿದೆ. ಸರಿಮಾಡಿ ಕೊಡುತ್ತೇನೆಂದು ಜಂಬದಿಂದ ಹೋಗಿ ಕೆಡಿಸಿದೆ.

ದಾವಲಸಾಬರು ಯಾರು? ನೀವೀಗ ಓದುತ್ತಿರುವ ಈ ಪುಟವನ್ನು ಕಟ್ಟುವವರು. ದಿನಾ ಲಕ್ಷ್ಮೇಶ್ವರದಿಂದ ಗದಗಿಗೆ ಬಸ್ಸಿನಲ್ಲಿ ಬಂದು, ಪತ್ರಿಕೆಯ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು, ನಮ್ಮೆಲ್ಲರ ಬರಹಗಳನ್ನು ಪುಟಕ್ಕೆ ಕೂರಿಸುತ್ತಾರೆ. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಮೊದಲಿನಂತಾದವು. ಎರಡೂ ಕಣ್ಣುಗಳ ಬಲಭಾಗದ ನೋಟ ಮಾತ್ರ ಮರಳಲಿಲ್ಲ.

ಕುತ್ತಿಗೆ ಹೊರಳಿಸಿ ಓದಬಲ್ಲರು. ಆದರೆ ಪರದೆಯ ಬಲಗಡೆ ಹೊಸ ವಿಂಡೋ ತೆರೆದದ್ದೇ ಗೊತ್ತಾಗದಿದ್ದರೆ ಹೊರಳುವುದಾದರೂ ಯಾಕೆ? ಅದು ‘ಸೇವ್ ಮಾಡಲೇ?’ ಎಂದು ಕೇಳುತ್ತ ನಿಂತಿರುತ್ತದೆ. ಇವರು ಹ್ಯಾಂಗ್ ಆಯಿತೆಂದು ಕಂಪ್ಯೂಟರನ್ನೇ ಬಂದ್ ಮಾಡುತ್ತಾರೆ. ಹೀಗೆ ಎರಡು ಸಲ ಕಟ್ಟಿದ ಪುಟಗಳು ಹೋದವು.

ಸಂಪಾದಕರು ಬೇಜಾರಿನಿಂದಲೇ ಹೇಳಿದರು: “ಇನ್ನೊಂದು ವಾರ ನೋಡೂಣು. ಆಮ್ಯಾಲ ಬ್ಯಾರೆಯವರನ್ನ ಹುಡುಕಬೇಕಾಕೈತಿ.”

ನಾನೋ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವವಳು. ಸುಮ್ಮನಿರಲಾದೀತೆ?

ಪರದೆಯ ಮೇಲೆ ವಿಂಡೋಗಳನ್ನೆಲ್ಲ ಜೋಡಿಸಿ ತೋರಿಸುವ ಒಂದು ಪ್ರೋಗ್ರಾಮ್ ಇರುತ್ತದೆ, ಕಂಪೋಸಿಟರ್ ಅಂತ. ಅವರ ಕಂಪ್ಯೂಟರಿನ ಕಂಪೋಸಿಟರಿಗೆ ನಮ್ಮದೊಂದು ಪ್ಲಗಿನ್, ಅಂದರೆ ಚಿಕ್ಕ ಸೇರ್ಪಡೆ, ಹಾಕಬಹುದು. ವಿಂಡೋ ತೆರೆಯುವ ಕೋಡಿನ ತುಂಡಿಗೆ, ಅಂದರೆ ಫಂಕ್ಷನ್ನಿಗೆ, ಕರೆ ಹೋಗುವ ದಾರಿಯಲ್ಲಿ ನಮ್ಮ ಫಂಕ್ಷನ್ ನಿಲ್ಲಿಸಿದರೆ, ಕರೆ ಮೊದಲು ನಮಗೆ ಬರುತ್ತದೆ; ವಿಂಡೋದ ಜಾಗ ಎಡಕ್ಕೆ ಎಂದು ಬದಲಿಸಿ ಮೂಲ ಫಂಕ್ಷನ್ನಿಗೆ ದಾಟಿಸಬೇಕು. ಇದೇ ಹುಕ್ ಹಾಕುವುದು. (ಮದುವೆಮನೆಯ ಬಾಗಿಲಲ್ಲಿ “ಎಡಕ್ಕ ಕುಂಡ್ರಿ” ಎಂದು ಹೇಳಿ ಒಳಗೆ ಬಿಡುವ ಹಿರಿಯರ ಕೆಲಸ ಅದು.)

ಪ್ಲಗಿನ್ ಹಾಕಿದೆ. ದಾವಲಸಾಬರು ಮೌಸ್ ಒತ್ತಿದರು. ಮತ್ತೆ ಒತ್ತಿದರು.

“ಮೇಡಂ, ಮೊದಲ ಬಲಕ್ಕಷ್ಟ ಕಾಣ್ತಿರಲಿಲ್ರಿ. ಈಗ ಎಡಕ್ಕೂ ಏನೂ ಕಾಣವಲ್ದು!”

ಒಂದೇ ಒಂದು ವಿಂಡೋ ತೆರೆಯುತ್ತಿರಲಿಲ್ಲ. ಜಾಗ ಎಡಕ್ಕೆ ಎಂದು ಬರೆದಿದ್ದೆ, ಮೂಲ ಫಂಕ್ಷನ್ನನ್ನು ಕರೆಯುವ ಸಾಲನ್ನೇ ಮರೆತಿದ್ದೆ. ಎಡಕ್ಕೆ ಎಂದು ಹೇಳಿ ಬಾಗಿಲಲ್ಲೇ ಎಲ್ಲರನ್ನೂ ತಡೆದು ನಿಲ್ಲಿಸಿದ್ದೆ! (ಇದೇ ತಪ್ಪಿಗೆ ವಿದ್ಯಾರ್ಥಿಗಳ ಅಂಕ ಕಳೆಯುವವಳು ನಾನು.) ಆ ಸಾಲು ಸೇರಿಸಿದೆ.

“ಬಂತ್ರಿ! ಎಡಕ್ಕ ಬಂತ್ರಿ!”

ಪರೀಕ್ಷೆಗೆಂದು ಹಳೆಯ ಫೈಲುಗಳನ್ನು ತೆರೆಯಲು ಹೇಳಿದೆ. ಅವರು ತೆರೆದದ್ದು ನನ್ನವೇ ಅಂಕಣಗಳು. ನಾನು ಕಳಿಸಿದ ಮೂಲಪ್ರತಿ ಒಂದು ವಿಂಡೋದಲ್ಲಿ, ಅಚ್ಚಾದ ಪುಟ ಇನ್ನೊಂದರಲ್ಲಿ. ಒಬ್ಬ ದರ್ಜಿ ಹೆಣ್ಣುಮಗಳ ಬಗ್ಗೆ ಬರೆದಿದ್ದೆ, ನೆನಪಿದೆಯೇ? “ನಮ್ಮ ಶಿಗ್ಲಿ ಹೆಸರು ಪೇಪರಿನ್ಯಾಗ ಬಂತ್ರಿ” ಎಂದು ಆಕೆ ಫೋನಿನಲ್ಲಿ ಅತ್ತಿದ್ದಳು. ನೋಡಿದರೆ, ಆಕೆಯ ಊರೆಂದು ನಾನು ಬರೆದು ಕಳಿಸಿದ್ದು ಬೆಳ್ಳಟ್ಟಿ!

“ಇದನ್ನ ಯಾರು ತಿದ್ದಿದ್ರಿ?”

“ನಾನರಿ. ಸಂಶೇ ಬಂತು, ಫೋನ್ ಹಚ್ಚಿ ಖಾತ್ರಿ ಮಾಡ್ಕೊಂಡ್ನಿ. ಊರಷ್ಟ ತಿದ್ದೀನ್ರಿ. ನಿಮ್ಮ ಮಾತು ಒಂದೂ ಮುಟ್ಟಿಲ್ರಿ.”

“ಹೇಳಬಾರದಿತ್ತೇನ್ರಿ?”

“ಅದರಾಗ ಹೇಳೂದೇನೈತ್ರಿ ಮೇಡಂ?”

ಇನ್ನಷ್ಟು ಫೈಲು ತೆರೆಸಿದೆ. ಒಂದರಲ್ಲಿ ತಪ್ಪಿದ ಹೆಸರು, ಇನ್ನೊಂದರಲ್ಲಿ ಅದಲುಬದಲಾದ ನೆಂಟಸ್ತಿಕೆ. ಅಚ್ಚಿನಲ್ಲಿ ಎಲ್ಲವೂ ಸರಿ. ಬೆಟಗೇರಿಯ ಸಂತೆಯಲ್ಲಿ ನೀವು ತಡೆದು ನಿಲ್ಲಿಸಿ, “ಭಾಳ ಛಂದ ಬರೀತೀರಿ, ಒಂದು ತಪ್ಪಿರಂಗಿಲ್ಲ” ಎಂದಾಗಲೆಲ್ಲ ಆ ಹೊಗಳಿಕೆಯನ್ನು ಪೂರ್ತಿ ಮನೆಗೆ ಒಯ್ದವಳು ನಾನು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನಿಗೆ ಕೈಮುಗಿಯಬೇಕೆನಿಸಿತು. ಇಷ್ಟು ವರ್ಷ ನಡುವೆ ನಿಂತು, ತನ್ನ ಪಾಲಿನದನ್ನಷ್ಟೇ ಮಾಡಿ, ನನ್ನ ಮಾತನ್ನು ನನ್ನದಾಗಿಯೇ ಮುಂದಕ್ಕೆ ದಾಟಿಸಿದ್ದಾರೆ. ಹುಕ್ ಹಾಕಿದ ಮೊದಲ ದಿನವೇ ನನ್ನಿಂದ ಆಗದ ಕೆಲಸ ಅದು.

ಆ ವಾರದ ಸಂಚಿಕೆ ಒಂದು ಪುಟವೂ ಕಳೆಯದೆ ಮುಗಿಯಿತು. ಸಂಪಾದಕರು ಬಂದು, “ಆತು, ಯಾರನ್ನೂ ಹುಡುಕೂದು ಬ್ಯಾಡ” ಎಂದರು. ದಾವಲಸಾಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಇದನ್ನೆಲ್ಲ ಬರೆಯುತ್ತೇನೆ ಎಂದಾಗ ಗಾಬರಿಯಾದರು. “ನನ್ನ ಹೆಸರು ಯಾಕ್ರಿ? ಬ್ಯಾಡ್ರಿ.”

ಈ ಬರಹವೂ ಅವರ ಕೈ ದಾಟಿಯೇ ನಿಮಗೆ ತಲುಪಬೇಕು. ದಾವಲಸಾಬರೇ, ಊರು ತಪ್ಪಿದ್ದರೆ ತಿದ್ದಿ, ಹೆಸರನ್ನು ಮಾತ್ರ ಮುಟ್ಟಬೇಡಿ.