ಕೊರಳಿನ ಕೀಲಿ

ನಮ್ಮಣ್ಣ ಪಾದ್ರಿಯಾಗುವ ಮೊದಲು ಕಸಾಯಿಖಾನೆಯಲ್ಲಿ ಮೂಳೆ ಕಡಿಯುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ; ಇಪ್ಪತ್ತೆರಡನೇ ವಯಸ್ಸಿಗೇ ಒಬ್ಬನ ದವಡೆ ಮುರಿದು ಜೈಲು ಕಂಡ. ಬೈಬಲ್ ಹಿಡಿದು ಹೊರಬಂದಾಗ ಅಮ್ಮ, "ಇದನ್ನೂ ಯಾರ ತಲೆಗಾದ್ರೂ ಎಸೀತಾನೆ, ನೋಡ್ತಿರು" ಅಂದಿದ್ದಳು. ಎಸೆಯಲಿಲ್ಲ. ಓದಿ, ಪ್ರೆಸ್ಬಿಟೇರಿಯನ್ ಚರ್ಚಿನ ಹಿರಿಯರ ಮುಂದೆ ನಿಂತು ಪಾದ್ರಿಯೇ ಆದ.

ಹಿರಿಯರು ಅವನಿಗೆ ಯುವಕರ ಸಂಘ ಒಪ್ಪಿಸಿದರು. ನಮ್ಮ ಓಣಿಯ ಹುಡುಗರಿಗೂ ಸೇತುವೆಯಾಚೆಯವರಿಗೂ ಎಣ್ಣೆ ಸೀಗೆಕಾಯಿ. ಅಣ್ಣ ಒಂದೇ ನಿಯಮ ಮಾಡಿದ: ಶನಿವಾರ ಮಧ್ಯಾಹ್ನ ಸಂಘಕ್ಕೆ ಬರುವವರು ತಮ್ಮ ಚಾಕು ಅವನಿಗೆ ಕೊಟ್ಟುಬಿಡಬೇಕು. ಚಾಕು ಕಬ್ಬಿಣದ ಕಪಾಟಿಗೆ, ಕೀಲಿ ಅವನ ಕೊರಳಿಗೆ. ನನ್ನ ಮಗನೂ ಕೊಟ್ಟ.

ಅಷ್ಟಕ್ಕೇ ಸುಮ್ಮನಿದ್ದರೆ! ಪ್ರಸಂಗಪೀಠ ಹತ್ತಿದರೆ ಅಣ್ಣನ ಬಾಯಿಗೆ ಬೀಗವಿಲ್ಲ. ಒಂದು ಭಾನುವಾರ ಹಿಗ್ಗಿ ಸಾರಿದ: "ಇಪ್ಪತ್ತಮೂರು ಚಾಕು! ನಮ್ಮ ಹುಡುಗ್ರ ಹತ್ರ ಈಗ ಉಗುರು ಕತ್ತರಿಸೋಕೂ ಏನಿಲ್ಲ!" ಮಾತು ಸೇತುವೆ ದಾಟಲು ಎಷ್ಟು ಹೊತ್ತು?

ಮುಂದಿನ ಶನಿವಾರ ಅವರು ಸರಳು, ಸೈಕಲ್ ಚೈನು ಹಿಡಿದು ಬಂದರು. ನಾನು ಸಂಘದ ಹಿಂದಿನ ಕೋಣೆಯಲ್ಲಿ ಹುಡುಗರಿಗೆ ಚಹಾ ಕಾಸುತ್ತಿದ್ದೆ. ಬಾಗಿಲು ಒಡೆದ ಸದ್ದಿಗೆ ಓಡಿಬಂದರೆ ಬೆಂಚುಗಳು ಉರುಳಿದ್ದವು, ನೆಲದ ಮೇಲೆ ರಕ್ತ, ಯಾರದೋ ಹಲ್ಲು.

"ಮಾವಾ, ಕೀಲಿ ಕೊಡು!" ಮಗ ಕಿರುಚಿದ.

"ಕೊಡಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ!" ನಾನೂ ಕಿರುಚಿದೆ.

ಅಣ್ಣ ಕಪಾಟಿಗೆ ಬೆನ್ನು ಕೊಟ್ಟು ನಿಂತ. ಸರಳು ಅವನ ಭುಜ ಮುರಿಯಿತು, ಮೊಣಕೈ ಮುರಿಯಿತು. ಹಿಂದೆ ಒಬ್ಬನ ದವಡೆ ಮುರಿದಿದ್ದ ಆ ಕೈ ಒಮ್ಮೆಯೂ ಏಳಲಿಲ್ಲ. ಮಗನ ತಲೆಗೆ ಬಿದ್ದದ್ದು ಒಂದೇ ಏಟು. ನನ್ನ ಮಡಿಲಲ್ಲೇ ಅವನ ಉಸಿರು ನಿಂತಿತು.

ಅವನನ್ನು ಮಣ್ಣು ಮಾಡಿದ ದಿನ ಉಳಿದ ಇಪ್ಪತ್ತೆರಡು ಹುಡುಗರು ನಮ್ಮ ಅಂಗಳಕ್ಕೆ ಬಂದರು. ಅಣ್ಣ ಆಸ್ಪತ್ರೆಯಿಂದ ಕೀಲಿಯನ್ನು ನನಗೇ ಕಳಿಸಿದ್ದ.

"ಕೀಲಿ ಕೊಡಮ್ಮಾ. ಸಂಜೆಯೊಳಗೆ ಅವರನ್ನ ಮುಗಿಸಿ ಬರ್ತೀವಿ."

ಸುಳ್ಳೇಕೆ ಹೇಳಲಿ, ನನಗೂ ರಕ್ತ ಬೇಕಿತ್ತು. ಕೀಲಿ ಹಿಡಿದ ಕೈ ಮುಂದೆ ಚಾಚಿಯೂ ಇದ್ದೆ. ಆದರೆ ಎದುರಿಗಿದ್ದವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಅವನ ತಾಯಿ ಗೇಟಿನಾಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಕೊಡಲ್ಲ. ಮನೆಗೆ ಹೋಗ್ರೋ" ಅಂದೆ.

ಈಗ ಕೀಲಿ ನನ್ನ ಕೊರಳಲ್ಲಿದೆ. ಶನಿವಾರ ಅಣ್ಣ ಒಂದೇ ಕೈಯಲ್ಲಿ ಬೆಂಚು ಜೋಡಿಸುತ್ತಾನೆ, ನಾನು ಹೊಸದಾಗಿ ಬರುವ ಹುಡುಗರ ಚಾಕು ತೆಗೆದುಕೊಂಡು ಕಪಾಟಿಗೆ ಹಾಕುತ್ತೇನೆ. ಅವನ ಜೊತೆ ಮಾತಾಡಿ ಹನ್ನೊಂದು ವರ್ಷವಾಯಿತು.