ಶಾಂತಮ್ಮನ ಬಚ್ಚಲ ಬಾಗಿಲು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನಾಗ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್. ವಾರಕ್ಕೊಮ್ಮೆ ಸಿರುಗುಪ್ಪದಲ್ಲಿ ಕ್ಯಾಂಪ್ ಇರುತ್ತಿತ್ತು. ಎಪ್ಪತ್ತು ದಾಟಿದ ಶಾಂತಮ್ಮನನ್ನು ಕಾಲಲ್ಲಿ ಬಲವಿಲ್ಲವೆಂದು ಸೊಸೆ ನಿರ್ಮಲಾ ಅಲ್ಲಿಗೆ ಕರೆತಂದಳು. ದುಂಡನೆಯ ಮೈ, ತುಂಬಿದ ಕೆನ್ನೆ.

"ಅತ್ತೀನ ಚಲೋ ನೋಡ್ಕೊಂಡೀವ್ರಿ ಮೇಡಂ. ಒಂದ್ ಲೋಟ ನೀರಿಗೂ ಏಳಾಕ ಬಿಡಂಗಿಲ್ಲ," ಎಂದಳು ಹೆಮ್ಮೆಯಿಂದ.

ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದೆ. ಶಾಂತಮ್ಮ ಏದುಸಿರು ಬಿಟ್ಟರೇ ಹೊರತು ಏಳಲಾಗಲಿಲ್ಲ. ತೊಡೆಯಲ್ಲಿ ಬರೀ ಕೊಬ್ಬು, ಸ್ನಾಯು ಸವೆದುಹೋಗಿತ್ತು. ವಯಸ್ಸಾದಂತೆ ಸ್ನಾಯು ಹೀಗೆ ಕರಗುವುದಕ್ಕೆ ಸಾರ್ಕೋಪೀನಿಯಾ ಎನ್ನುತ್ತೇವೆ. ದಪ್ಪಗಿದ್ದವರಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ತೂಕದ ಯಂತ್ರಕ್ಕೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ. ಆದರೆ ಅಷ್ಟೂ ಭಾರವನ್ನು ಹೊರಬೇಕಾದದ್ದು ಆ ಸೊರಗಿದ ಸ್ನಾಯು.

ಸೊಸೆ ಮಾತ್ರೆ ತರಲು ಹೋದಾಗ ಶಾಂತಮ್ಮ ನನ್ನ ಕೈ ಹಿಡಿದರು. "ಬಚ್ಚಲಕ ಒಬ್ಬಾಕೀನ ಹೋಗಿ ಬಾಗ್ಲಾ ಹಾಕ್ಕೊಬೇಕ್ರಿ, ಅಷ್ಟ್ ಮಾಡ್ರಿ. ಸೊಸಿ ಮುಂದ ಕುಂದ್ರಾಕ ನಾಚಿಕಿ ಆಕ್ಕೈತಿ. ಅದಕ್ಕ ನಾ ನೀರ ಕುಡಿಯಂಗಿಲ್ಲ."

ಆಗಲಿ ಎಂದು ಅವರ ಕೈ ಅದುಮಿದೆ.

ಮಂಚ ಹಿಡಿದು ಎದ್ದು ಕೂರುವ ವ್ಯಾಯಾಮ ಕಲಿಸಿದೆ. ಸ್ನಾಯು ಬೆಳೆಯಲು ಊಟದಲ್ಲಿ ಬೇಳೆ, ಕಾಳು, ಮೊಸರು ಹೆಚ್ಚಿಸಲು ಹೇಳಿದೆ. ನೀರನ್ನು ಅವರೇ ಎದ್ದು ತಂದುಕೊಳ್ಳಲಿ ಎಂದೆ. ನಿರ್ಮಲಾ ಚಾಚೂ ತಪ್ಪದೆ ಮಾಡಿಸಿದಳು. ಬರಬರುತ್ತಾ ಶಾಂತಮ್ಮ ಗೋಡೆ ಹಿಡಿದು ಅಡುಗೆಮನೆಗೆ ಹೋಗತೊಡಗಿದರು.

ಅಷ್ಟರಲ್ಲಿ ಕುರುಗೋಡಿನಿಂದ ಅವರ ತಂಗಿ ಬಂದರು. ಅಕ್ಕನ ಕೈಯಲ್ಲಿ ಚೊಂಬು ಕಂಡದ್ದೇ ತಡ, ಬಾಗಿಲಲ್ಲೇ ಶುರುವಾಯಿತು. "ಗುಂಡುಕಲ್ಲಿನಂಥ ಸೊಸಿ ಮನ್ಯಾಗಿದ್ದು ನಮ್ಮಕ್ಕ ನೀರು ತರಬೇಕೇನ? ಮಂದಿ ಏನಂದಾರು?" ಓಣಿಯವರು ಕಿವಿ ನಿಮಿರಿಸಿದರು. ನಿರ್ಮಲಾ ಹೆದರಿ ನೀರನ್ನು ಮತ್ತೆ ತಾನೇ ತಂದುಕೊಡತೊಡಗಿದಳು. ಶಾಂತಮ್ಮ ಮತ್ತೆ ಕುರ್ಚಿಗೆ ಬಿದ್ದರು, ಕ್ಯಾಂಪಿಗೆ ಬರುವುದೂ ನಿಂತಿತು.

ಮುಂದೆ ನಾನು ಅವರನ್ನು ನೋಡಿದ್ದು ಬಳ್ಳಾರಿಯ ವಾರ್ಡಿನಲ್ಲಿ. ಸೊಸೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಒಬ್ಬರೇ ಬಚ್ಚಲಿಗೆ ಹೊರಟಿದ್ದರಂತೆ. ಕಾಲು ಕುಸಿದು ಸೊಂಟದ ಮೂಳೆ ಮುರಿದಿತ್ತು. ನಿರ್ಮಲಾ ನಡೆದದ್ದನ್ನೆಲ್ಲ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕಗ ಮರ್ಯಾದಿ ಕೊಡಾಕ ಹೋಗಿ ಆಕಿ ಕಾಲೇ ಕಸಗೊಂಡ್ರಲ್ರೀ!" ಎಂದು ನೋಡಲು ಬಂದಿದ್ದ ತಂಗಿಯ ಮೇಲೆ ಹರಿಹಾಯ್ದೆ. ಆಕೆ ಸೆರಗು ಬಾಯಿಗೊತ್ತಿ ಅತ್ತರು.

ಆಪರೇಷನ್ನಿನಿಂದ ಮೂಳೆ ಕೂಡಿತು. ಹಾಸಿಗೆ ಹಿಡಿದ ದಿನಗಳಲ್ಲಿ ಉಳಿದಿದ್ದ ಸ್ನಾಯುವೂ ಇಳಿದಿತ್ತು, ಪೂರ್ತಿ ಮರಳಿ ಬರಲೇ ಇಲ್ಲ. ತಿಂಗಳುಗಟ್ಟಲೆ ಒದ್ದಾಡಿ ಕಲಿತದ್ದು ವಾಕರ್ ಹಿಡಿದು ಮನೆಯೊಳಗೆ ನಡೆಯುವಷ್ಟು ಮಾತ್ರ.

ಕೊನೆಯ ಸಲ ಮನೆಗೆ ಹೋದಾಗ ಅವರು ಕುರ್ಚಿಯಿಂದ ತಾವೇ ಏಳಲು ಹೆಣಗುತ್ತಿದ್ದರು. ನಿರ್ಮಲಾ ಮುಂದೆ ಹೋಗಿ ಹಿಡಿಯಲಿಲ್ಲ, ಎರಡೂ ಕೈಗೆ ಸೆರಗು ಸುತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಶಾಂತಮ್ಮ ಎದ್ದರು, ವಾಕರ್ ಹಿಡಿದು ಬಚ್ಚಲಿನತ್ತ ಹೊರಟರು.

"ಚಿಲಕ ಮಾತ್ರ ಹಾಕಬ್ಯಾಡ್ರಿ," ಎಂದೆ.

"ಹಾಕಂಗಿಲ್ಲ ಬಿಡ್ರಿ. ಮುಚ್ಚಿದ್ರ ಸಾಕು." ಬಚ್ಚಲ ಬಾಗಿಲು ಮುಚ್ಚಿತು.

ಅಂದಿನಿಂದ ನಾನು ಯಾವ ಹಿರಿಯರ ಮೈ ನೋಡಿಯೂ ಗಟ್ಟಿಯಾಗಿದ್ದಾರೆ ಎನ್ನುವುದಿಲ್ಲ. ಮನೆಯಲ್ಲಿ ನಿಮಗೆ ನೀರು ತಂದುಕೊಡುವವರು ಯಾರು ಎಂದು ಮೊದಲು ಕೇಳುತ್ತೇನೆ.

ಹೊರಬಂದ ಶಾಂತಮ್ಮ ಕುರ್ಚಿಗೆ ಒರಗಿ ಸೊಸೆಯತ್ತ ಕೈ ಚಾಚಿದರು. "ಈಗ ನೀರು ಕೊಡವಾ, ಹೊಟ್ಟಿ ತುಂಬ ಕುಡೀತೀನಿ."